ಹೌದು ಎನ್ನುವ ಫೈಲು

ಬಿತ್ತನೆ ಕೋಠಿಯ ಗೇಟಿನಲ್ಲಿ ಗಂಗುಲಮ್ಮನ ಕಣ್ಣು ತಪ್ಪಿಸಿ ಏನನ್ನೂ ಒಳಗೆ ಒಯ್ಯಲಾಗದು ಎಂದು ಶಿಡ್ಲಘಟ್ಟದಲ್ಲಿ ಎಲ್ಲರೂ ಹೇಳುತ್ತಿದ್ದರು. 1994ರ ಸೆಪ್ಟೆಂಬರಿನ ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ರಹಮತುನ್ನೀಸಾ ಕಂಪ್ಯೂಟರಿನ ಎರಡು ಫ್ಲಾಪಿಗಳನ್ನು ಸೆರಗಿನ ಮಡಿಕೆಯಲ್ಲಿ ಅಡಗಿಸಿಕೊಂಡು ಒಳಗೆ ಹೋದಳು.

ಕೋಠಿ ಎಂದರೆ ರೇಷ್ಮೆಹುಳುವಿನ ಮೊಟ್ಟೆ ತಯಾರಾಗುವ ಜಾಗ. ಅಲ್ಲಿ ಎಲ್ಲರಿಗೂ ಇರುವ ಹೆದರಿಕೆ ಒಂದೇ, ಗಂಟುರೋಗ. ತಾಯಿ ಚಿಟ್ಟೆಗೆ ಆ ರೋಗವಿದ್ದರೆ ಅದು ಇಡುವ ಮೊಟ್ಟೆಗೂ ಬರುತ್ತದೆ. ಮೊಟ್ಟೆಯಿಂದ ಹುಳುವಿಗೆ, ಒಂದು ಮನೆಯ ಹುಳುವಿನಿಂದ ಇಡೀ ಊರಿನ ಹುಳುಗಳಿಗೆ. ಹಾಗಾಗಿ ಹೊರಗಿನಿಂದ ಬಂದದ್ದು ಮನುಷ್ಯನಾಗಲಿ ಮಂಕರಿಯಾಗಲಿ, ರೋಗಾಣು ಕೊಲ್ಲುವ ಗಂಗುಲಮ್ಮನ ಫಾರ್ಮಲಿನ್ ನೀರು ದಾಟದೆ ಒಳಗೆ ಕಾಲಿಡುವಂತಿರಲಿಲ್ಲ. ಇಪ್ಪತ್ತು ವರ್ಷದಿಂದ ಅದೇ ಕೆಲಸ. ಅವಳ ಅಂಗೈ ಸುಣ್ಣದ ಗೋಡೆಯ ಹಾಗೆ ಬಿರುಕುಬಿಟ್ಟಿತ್ತು.

“ಎಲ್ಲಿಂದ ಬರ್ತಾ ಇದ್ದೀಯ ಅಮ್ಮಾಯಿ?”

“ಚಿಕ್ಕಬಳ್ಳಾಪುರದಿಂದ.”

“ಅದ್ಕೆ ಮುಂಚೆ?”

“ನಿನ್ನೆ ಗೌರಿಬಿದನೂರಲ್ಲಿದ್ದೆ.”

“ಹಂಗಾದ್ರೆ ಎಲ್ಡು ಸಲ ಕಾಲು ತೊಳ್ಕೊ. ಬ್ಯಾಗು ಇಲ್ಲಿ ಕೊಡು.”

ಗೌರಿಬಿದನೂರಿನ ಕೋಠಿಯಲ್ಲಿ ಹೋದ ಬೆಳೆಗೆ ಗಂಟುರೋಗ ಕಾಣಿಸಿಕೊಂಡಿತ್ತು. ಆ ಊರಿನ ಹೆಸರು ಬರೆದ ಚೀಟಿ ಯಾವುದರ ಮೇಲಿದ್ದರೂ ಸೀದಾ ಫಾರ್ಮಲಿನ್ ತೊಟ್ಟಿಗೆ ಹಾಕಬೇಕೆಂದು ಧಣಿ ವೆಂಕಟರಾಮಪ್ಪನವರೇ ಕಟ್ಟಪ್ಪಣೆ ಮಾಡಿದ್ದರು. ರಹಮತುನ್ನೀಸಾಳಿಗೆ ಅದು ಗೊತ್ತಿತ್ತು. ಗೊತ್ತಿದ್ದರಿಂದಲೇ ಫ್ಲಾಪಿಗಳನ್ನು ಸೆರಗಿನಲ್ಲಿ ಸುತ್ತಿಕೊಂಡದ್ದು. ಇವು ನೀರು ಸೋಕಬಾರದ ವಸ್ತು ಎಂದು ಎರಡು ಮಾತು ಹೇಳಿದ್ದರೆ ಆಗುತ್ತಿತ್ತು. ಆದರೆ ಹೆಬ್ಬೆಟ್ಟಿನ ಹೆಂಗಸಿಗೆ ಕಂಪ್ಯೂಟರಿನ ವಿಷಯ ಹೇಳಿಕೊಂಡು ಕೂರಲು ಅವಳಿಗೆ ಪುರುಸೊತ್ತು ಎಲ್ಲಿತ್ತು? ಅಸಲಿಗೆ ಗಂಗುಲಮ್ಮ ಹೆಬ್ಬೆಟ್ಟೂ ಆಗಿರಲಿಲ್ಲ. ಚಿಟ್ಟೆಗಳು ಮೊಟ್ಟೆಯಿಟ್ಟ ಹಾಳೆಗಳ ಮೇಲಿನ ಊರ ಹೆಸರುಗಳನ್ನು ಕೂಡಿಸಿ ಕೂಡಿಸಿ ಓದುವಷ್ಟು ಅಕ್ಷರ ಕಲಿತಿದ್ದಳು.

ರಹಮತುನ್ನೀಸಾ ಇದೇ ಊರಿನವಳು. ತಂದೆ ಉಸ್ಮಾನ್ ಸಾಬ್ ನೂಲು ಬಿಚ್ಚಾಣಿಕೆಯ ಕೆಲಸದವರು. ಟೈಪಿಂಗ್ ಮುಗಿಸಿ, ಕಂಪ್ಯೂಟರ್ ಕಲಿತು, ಈಗ ಐದು ವರ್ಷದಿಂದ ವೆಂಕಟರಾಮಪ್ಪನವರ ಚಿಕ್ಕಬಳ್ಳಾಪುರದ ಹೆಡ್ಡಾಫೀಸಿನಲ್ಲಿದ್ದಳು. ಧಣಿಗಳಿಗೆ ನಾಲ್ಕು ಊರಿನಲ್ಲಿ ನಾಲ್ಕು ಕೋಠಿ, ಕೋಠಿಗೊಂದು ಕಂಪ್ಯೂಟರು. ಬೆಂಗಳೂರಿನಿಂದ ತರಿಸಿದ ಹೊಸ ಪ್ರೋಗ್ರಾಮು, ಕಂಪ್ಯೂಟರನ್ನು ನಡೆಸುವ ಹಳೆಯ ಡಾಸ್ ಮೇಲೆ ಓಡುವುದಿಲ್ಲವೆಂದು ಮುಷ್ಕರ ಹೂಡಿದ್ದರಿಂದ, ನಾಲ್ಕೂ ಕಡೆ ಹಳೆಯ ಡಾಸ್ ತೆಗೆದು ಹೊಸದನ್ನು ಕೂರಿಸುವ ಕೆಲಸ ಅವಳ ತಲೆಗೆ ಬಂದಿತ್ತು.

ಚಿಕ್ಕಬಳ್ಳಾಪುರದ ಮಷೀನನ್ನು ಅವಳು ಕೈಯಾರೆ ಮಾಡಿದ್ದಳು. ಅಬ್ಬಾ, ಏನು ಪ್ರಶ್ನೆಗಳು! ಇದನ್ನು ಅಳಿಸಲೇ, ಹೌದೇ ಅಲ್ಲವೇ? ಇದರ ಮೇಲೆ ಬರೆಯಲೇ, ಹೌದೇ ಅಲ್ಲವೇ? ಹೆಣ್ಣು ನೋಡಲು ಬಂದವರೂ ಅಷ್ಟು ಕೇಳುವುದಿಲ್ಲ. ನಲವತ್ತಮೂರು ಪ್ರಶ್ನೆ ಎಣಿಸಿದ್ದಳು, ಎಲ್ಲಕ್ಕೂ ಉತ್ತರ ಒಂದೇ, ಹೌದು. ರೇಗಿಹೋಗಿ, ಆ ಎಲ್ಲ ಕಮಾಂಡುಗಳನ್ನು ಸಾಲಾಗಿ ಒಂದು ಫೈಲಿನಲ್ಲಿ ಬರೆದು ಅದಕ್ಕೆ ‘ಹೊಸ’ ಎಂದು ಹೆಸರಿಟ್ಟಳು. ಪಕ್ಕದಲ್ಲಿ ಇನ್ನೊಂದು ಪುಟ್ಟ ಫೈಲು. ಅದರಲ್ಲಿದ್ದದ್ದು ಇಂಗ್ಲಿಷಿನ ಯೆಸ್‌ಗೆ ಬದಲಾಗಿ ವೈ ಎಂಬ ಒಂದೇ ಅಕ್ಷರ, ಸಾಲು ಸಾಲಾಗಿ. ಮಷೀನು ಏನು ಕೇಳಿದರೂ ಆ ಫೈಲೇ ಮುಂದೆ ಬಂದು ಹೌದು ಎನ್ನುತ್ತಿತ್ತು. ಅದಕ್ಕೆ ‘ಹೌದು’ ಎಂದೇ ಹೆಸರು.

ಇನ್ನು ಕೆಲಸವೆಲ್ಲ ಸಲೀಸು. ‘ಹೊಸ’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಮಷೀನಿನಲ್ಲಿರುವ ಲೆಕ್ಕವೆಲ್ಲ ಮೊದಲು ಒಂದು ಫ್ಲಾಪಿಗೆ ಇಳಿಯುತ್ತದೆ. ಆಮೇಲೆ ಮಷೀನಿನೊಳಗಿನ ಡಿಸ್ಕು ಪೂರ್ತಿ ಅಳಿಸಿಹೋಗುತ್ತದೆ. ಅದರ ಮೇಲೆ ಹೊಸ ಡಾಸ್ ಕೂರುತ್ತದೆ. ಕೊನೆಗೆ ಫ್ಲಾಪಿಯಿಂದ ಲೆಕ್ಕ ವಾಪಸು ಬರುತ್ತದೆ. ಹೋದ ವಾರ ಚಿಂತಾಮಣಿಯಲ್ಲಿ ಅದು ತಾನಾಗಿ ಓಡುತ್ತಿದ್ದಾಗ ಅವಳು ಎರಡು ಇಡ್ಲಿ ತಿಂದು ಬಂದಿದ್ದಳು. ನಿನ್ನೆ ಗೌರಿಬಿದನೂರಿನಲ್ಲೂ ಹಾಗೇ ಹೂವಿನ ಹಾಗೆ ಮುಗಿಯಿತು. ಎರಡೂ ಕಡೆ ಎಚ್ಚರಿಕೆಗೆಂದು ಲೆಕ್ಕದ ಎರಡೆರಡು ಪ್ರತಿ ತೆಗೆದಿದ್ದಳು. ಎರಡನೆಯದು ಎಲ್ಲಿಯೂ ಬೇಕಾಗಿರಲಿಲ್ಲ. ನಿನ್ನೆ ಉಳಿದ ಆ ಎರಡನೆಯ ಫ್ಲಾಪಿಯನ್ನೇ ಇವತ್ತು ಅಳಿಸಿ ಬಳಸುವುದೆಂದು ತಂದಿದ್ದಳು. ಅದರ ಮೇಲೆ ಅವಳದೇ ದುಂಡು ಅಕ್ಷರದಲ್ಲಿ ‘ಗೌರಿಬಿದನೂರು’ ಎಂದು ಬರೆದ ಚೀಟಿ ಹಾಗೇ ಇತ್ತು.

ಕಂಪ್ಯೂಟರ್ ಕೋಣೆಯಲ್ಲಿ ಅಲ್ಲಿಯ ಆಪರೇಟರ್ ಲಾಲ್ ಬಾಷಾ ಕಾಯುತ್ತಿದ್ದ. ಮುಖ ಸಣ್ಣಗಾಗಿತ್ತು.

“ಆಪಾ, ಇವತ್ತೇ ಮಾಡ್ಬೇಕಾ? ಮಧ್ಯಾಹ್ನ ಮೂರಕ್ಕೆ ಮೊಟ್ಟೆ ಕೊಡೋದೈತೆ. ನೂರ ನಲ್ವತ್ತು ಲಾಟು, ಮನೆಗೊಂದು. ರೈತರು ಆಗ್ಲೇ ಶೆಡ್ಡಲ್ಲಿ ಕೂತವ್ರೆ. ನಾಳೆ ಬೆಳಿಗ್ಗೆ ಹುಳ ಹೊರಗೆ ಬರ್ತವೆ.”

“ಒಂದು ಗಂಟೆ ಕೆಲ್ಸ ಕಣೋ. ಹನ್ನೆರಡಕ್ಕೆಲ್ಲ ನಿನ್ನ ಲಿಸ್ಟು ಪ್ರಿಂಟ್ ಹಾಕ್ಕೊಡ್ತೀನಿ.”

ಆ ಲಿಸ್ಟು ಕೋಠಿಯ ಜೀವ. ಸೂಕ್ಷ್ಮದರ್ಶಕದ ಮುಂದೆ ಕುಳಿತ ಹೆಂಗಸರು ಒಂದೊಂದು ಲಾಟಿನ ತಾಯಿ ಚಿಟ್ಟೆಗಳನ್ನು ಅರೆದು ನೋಡಿ, ರೋಗ ಇದೆ ಇಲ್ಲ ಎಂದು ಕೂಗಿ ಹೇಳುತ್ತಾರೆ. ಲಾಲ್ ಬಾಷಾ ಅದನ್ನು ಲಾಟಿನ ನಂಬರಿನ ಎದುರು ಟೈಪ್ ಮಾಡುತ್ತಾನೆ. ಮೊಟ್ಟೆ ಕೊಡುವ ದಿನ ಲಿಸ್ಟು ನೋಡಿ, ರೋಗದ ಹಾಳೆಗಳನ್ನು ತಣ್ಣನೆ ಕೋಣೆಯಿಂದ ತೆಗೆದು ಸುಡುತ್ತಾರೆ. ಮೊದಲು ಇದಕ್ಕೆ ಉದ್ದದೊಂದು ಪುಸ್ತಕವಿತ್ತು. ಕಂಪ್ಯೂಟರ್ ಇರುವಾಗ ಪುಸ್ತಕ ಯಾಕೆ, ಎರಡೆರಡು ಕೆಲಸ ಯಾಕೆ ಎಂದು ಹೇಳಿ ಎರಡು ವರ್ಷದ ಹಿಂದೆ ಅದನ್ನು ನಿಲ್ಲಿಸಿದವಳು ರಹಮತುನ್ನೀಸಾ.

ಅವಳು ‘ಹೊಸ’ ಎಂದು ಟೈಪ್ ಮಾಡಿದಳು. ಹತ್ತು ಲಾಟಿಗೊಂದರಂತೆ ಹದಿನಾಲ್ಕು ಫೈಲುಗಳು ಒಂದೊಂದಾಗಿ ಫ್ಲಾಪಿಗೆ ಇಳಿದವು. ಇನ್ನೊಂದು ಪ್ರತಿ ತೆಗೆಯೋಣವೇ ಎಂಬ ಯೋಚನೆ ಬಂತು, ಹೋಯಿತು. ಗೌರಿಬಿದನೂರಿನ ಚೀಟಿಯ ಫ್ಲಾಪಿಯನ್ನು ಹೊರತೆಗೆದು ಮೇಜಿನ ಮೇಲಿಟ್ಟು, ತಂದಿದ್ದ ಇನ್ನೊಂದನ್ನು, ಹೊಸ ಡಾಸ್ ಇದ್ದ ಫ್ಲಾಪಿಯನ್ನು, ತೂರಿಸಿದಳು. ಡಿಸ್ಕಿನಲ್ಲಿರುವುದೆಲ್ಲ ನಾಶವಾಗುತ್ತದೆ, ಮುಂದುವರಿಯಲೇ ಎಂದು ಪರದೆ ಕೇಳಿತು. ಅವಳು ಓದುವ ಮೊದಲೇ ‘ಹೌದು’ ಉತ್ತರ ಕೊಟ್ಟಾಗಿತ್ತು. ಹತ್ತು ಪರ್ಸೆಂಟ್, ಇಪ್ಪತ್ತು ಪರ್ಸೆಂಟ್ ಎಂದು ಅಂಕಿ ಏರತೊಡಗಿತು.

ಐವತ್ತೆಂಟಕ್ಕೆ ಕರೆಂಟು ಹೋಯಿತು.

ದಿನಾ ಎರಡು ಗಂಟೆಗೆ ಹೋಗುತ್ತಿದ್ದ ಕರೆಂಟು ಇವತ್ತು ಹನ್ನೊಂದೂಕಾಲಿಗೇ ಹೋಗಿತ್ತು. ಯುಪಿಎಸ್ಸಿನ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು. “ಜನರೇಟರ್ ಹಾಕ್ಸೋ!” ಎಂದು ಕೂಗುತ್ತಾ ಅವಳು ಹಿತ್ತಿಲಿಗೆ ಓಡಿದಳು, ಹಿಂದೆಯೇ ಲಾಲ್ ಬಾಷಾ. ಜನರೇಟರು ಕೆಮ್ಮಿತು, ಉಗುಳಿತು, ಹೊಗೆ ಬಿಟ್ಟಿತು. ಲಾಲ್ ಬಾಷಾ ಹಗ್ಗ ಎಳೆದೂ ಎಳೆದೂ ಬೆವರಿದ. ಅದು ಗುಡುಗುಟ್ಟಿ ಎದ್ದು ನಿಲ್ಲುವ ಹೊತ್ತಿಗೆ ಇಪ್ಪತ್ತು ನಿಮಿಷವಾಗಿತ್ತು. ಪರವಾಗಿಲ್ಲ, ಲೆಕ್ಕ ಫ್ಲಾಪಿಯಲ್ಲಿದೆ, ಇನ್ನೊಂದು ಸಲ ಮೊದಲಿನಿಂದ ಓಡಿಸಿದರಾಯಿತು ಎಂದುಕೊಂಡು ವಾಪಸು ಬಂದಳು.

ಮೇಜು ಒದ್ದೆಯಾಗಿತ್ತು. ಘಾಟು ಮೂಗಿಗೆ ಹೊಡೆಯಿತು. ಫ್ಲಾಪಿ ಇರಲಿಲ್ಲ.

ಮೇಜಿನ ಕೆಳಗೆ ನೋಡಿದಳು, ಮಷೀನಿನ ಹಿಂದೆ ನೋಡಿದಳು, ಡ್ರಾಯರುಗಳನ್ನು ಎಳೆದು ಸುರಿದಳು. ಕೈಯಲ್ಲಿ ಬಕೆಟ್ಟು ಹಿಡಿದು ಬಾಗಿಲಲ್ಲಿ ಹಾದುಹೋಗುತ್ತಿದ್ದ ಗಂಗುಲಮ್ಮ ನಿಂತಳು. ಕರೆಂಟು ಹೋಗಿ ಬಾಗಿಲುಗಳನ್ನು ತೆರೆದಾಗಲೆಲ್ಲ ಎಲ್ಲ ಕೋಣೆಗಳನ್ನೂ ಔಷಧಿ ಬಟ್ಟೆಯಲ್ಲಿ ಒರೆಸುವುದು ಅವಳ ಪದ್ಧತಿ.

“ಏನಮ್ಮಾ ಹುಡುಕ್ತಾ ಇದ್ದೀಯ? ಆ ಕಪ್ಪು ಹಾಳೆನಾ? ಗೌರಿಬಿದನೂರು ಅಂತ ಬರ್ದಿತ್ತು. ನನ್ನ ಗೇಟು ದಾಟಿ ಹೆಂಗ್ ಬಂತೋ ನಾ ಕಾಣೆ. ಎದೆ ಝಲ್ ಅಂತು. ಹತ್ತು ನಿಮಿಷ ತೊಟ್ಟಿಯಾಗೆ ನೆನೆಹಾಕಿ ನೆಳ್ಳಲ್ಲಿ ಒಣಗಾಕಿದ್ದೀನಿ.”

ಹಿಂದಿನ ವರಾಂಡದಲ್ಲಿ ಉದ್ದಕ್ಕೆ ದಾರ ಕಟ್ಟಿ, ಔಷಧಿಯಲ್ಲಿ ಅದ್ದಿದ ಮೊಟ್ಟೆ ಹಾಳೆಗಳನ್ನು ಕ್ಲಿಪ್ಪು ಹಾಕಿ ನೇತುಹಾಕಿದ್ದರು. ಅವುಗಳ ಸಾಲಿನಲ್ಲೇ, ಅಷ್ಟೇ ಮುತುವರ್ಜಿಯಿಂದ ಕ್ಲಿಪ್ಪು ಹಾಕಿಸಿಕೊಂಡು, ನೂರ ನಲವತ್ತು ಲಾಟಿನ ಲೆಕ್ಕ ತೊಟ್ಟಿಕ್ಕುತ್ತಿತ್ತು.

ರಹಮತುನ್ನೀಸಾ ಅಲ್ಲೇ ಕಟ್ಟೆಯ ಮೇಲೆ ಕುಳಿತಳು. ಮಷೀನಿನಲ್ಲಿ ಅಳಿಸಿಹೋಗಿದೆ. ಪುಸ್ತಕ ಇಲ್ಲ. ತಾಯಿ ಚಿಟ್ಟೆಗಳನ್ನು ಅರೆದಾಗಿದೆ, ಮತ್ತೆ ಪರೀಕ್ಷಿಸುವಂತಿಲ್ಲ. ಲಿಸ್ಟು ಇಲ್ಲದೆ ಒಂದು ಹಾಳೆಯನ್ನೂ ಕೊಡುವಂತಿಲ್ಲ. ಕೊಟ್ಟರೆ ರೋಗ ಯಾರ ಮನೆಗೆ ಹೋಗುತ್ತದೋ ಆ ದೇವರಿಗೇ ಗೊತ್ತು. ಕೊಡದಿದ್ದರೆ ಅಷ್ಟನ್ನೂ ಸುಡಬೇಕು. ಸೊಪ್ಪು ಬೆಳೆಸಿಕೊಂಡು ಶೆಡ್ಡಿನಲ್ಲಿ ಕುಳಿತಿರುವ ನೂರ ನಲವತ್ತು ಮನೆಯವರು ಬರಿಗೈಯಲ್ಲಿ ಹೋಗಬೇಕು. ನಾಳೆ ಬೆಳಿಗ್ಗೆ ಹುಳು ಹೊರಬರುವುದನ್ನು ಯಾರೂ ತಡೆಯಲಾರರು.

ಹನ್ನೆರಡಕ್ಕೆ ವೆಂಕಟರಾಮಪ್ಪನವರ ಜೀಪು ಜಂಗಮಕೋಟೆಯ ತೋಟದಿಂದ ಬಂತು. ವಿಷಯ ಕೇಳಿದ್ದೇ ಅವರ ಮುಖ ಕೆಂಡವಾಯಿತು. ಯಾರು ತೊಟ್ಟಿಗೆ ಹಾಕಿದವರು ಎಂದು ಕೇಳಿದರು. ಗಂಗುಲಮ್ಮ ಮುಂದೆ ಬಂದು ನಿಂತಳು.

“ಕಣ್ಣಿಗೇನಾಗಿತ್ತೇ ನಿಂಗೆ? ಅದು ಮೊಟ್ಟೆ ಹಾಳೆ ಥರ ಕಾಣ್ತದಾ? ಇಪ್ಪತ್ತು ವರ್ಷ ಇಟ್ಕೊಂಡಿದ್ದಕ್ಕೆ ಇದಾ ನೀನು ಮಾಡೋದು? ಇವತ್ತೇ ಮನೆಗೆ ಹೋಗು. ನಾಳೆಯಿಂದ ಬರ್ಬ್ಯಾಡ.”

ಗಂಗುಲಮ್ಮ ಬಿರುಕುಬಿಟ್ಟ ಕೈಗಳನ್ನು ಸೆರಗಿನಲ್ಲಿ ಒರೆಸುತ್ತಾ ನಿಂತಿದ್ದಳು. ರಹಮತುನ್ನೀಸಾ ಆ ಕೈಗಳನ್ನೇ ನೋಡಿದಳು. ಅವಳು ಸುಮ್ಮನಿದ್ದಿದ್ದರೆ ತಪ್ಪು ಅಲ್ಲೇ ನಿಲ್ಲುತ್ತಿತ್ತು, ಗಂಗುಲಮ್ಮನ ತಲೆಯ ಮೇಲೆ. ಒಂದು ಗಳಿಗೆ ಸುಮ್ಮನಿದ್ದಳು ಕೂಡ. ಆ ಒಂದು ಗಳಿಗೆಯ ನಾಚಿಕೆ ಅವಳನ್ನು ಬಹಳ ವರ್ಷ ಬಿಡಲಿಲ್ಲ.

“ಸಾರ್, ಅವ್ರದ್ದಲ್ಲ ತಪ್ಪು. ಫ್ಲಾಪಿನ ನಾನು ಗೇಟಲ್ಲಿ ತೋರಿಸ್ಲಿಲ್ಲ. ಸೆರಗಲ್ಲಿ ಬಚ್ಚಿಟ್ಕೊಂಡು ಬಂದೆ. ಹಳೇ ಚೀಟಿ ಕೀಳ್ಲಿಲ್ಲ. ಎರಡನೇ ಕಾಪಿ ತೆಗೀಲಿಲ್ಲ. ನೀವು ಹೇಳಿದ್ದನ್ನ ಗಂಗುಲಮ್ಮ ಮಾಡವ್ರೆ, ನಾನೇ ಮಾಡ್ಲಿಲ್ಲ.”

ವೆಂಕಟರಾಮಪ್ಪನವರು ಅವಳನ್ನೇ ದಿಟ್ಟಿಸಿದರು. ಅವರು ಮೆಚ್ಚಿ ನೆಚ್ಚಿದ ಹುಡುಗಿ. “ಮೂರು ಗಂಟೆವರ್ಗೂ ಟೈಮು,” ಎಂದಷ್ಟೇ ಹೇಳಿ ಶೆಡ್ಡಿನ ಕಡೆ ನಡೆದರು.

ಗಂಗುಲಮ್ಮ ದಾರದಿಂದ ಫ್ಲಾಪಿ ತೆಗೆದು ಅಂಗೈಯಲ್ಲಿ ಹಿಡಿದು ಅಲ್ಲಾಡಿಸಿದಳು. ಒಳಗೆ ನೀರಾಡುವ ಸದ್ದು.

“ಇದ್ರೊಳಗೇನೈತೆ ಅಮ್ಮಾಯಿ?”

“ತೆಳ್ಳಗೆ ದುಂಡಗಿನ ಒಂದು ಹಾಳೆ. ಅದ್ರ ಮೇಲೇ ಎಲ್ಲಾ ಬರ್ದಿರೋದು.”

“ಔಷಧಿ ಒಳಗೇ ನಿಂತ್ಕೊಂಡೈತಲ್ಲ. ಮೊಟ್ಟೆನಾದ್ರೂ ಅಷ್ಟೇ, ಅದ್ದಿದ ಮ್ಯಾಲೆ ಒಳ್ಳೆ ನೀರಲ್ಲಿ ಜಾಲಾಡ್ಬೇಕು. ಇಲ್ದಿದ್ರೆ ಬಿಳೀ ಪೊರೆ ಕಟ್ಕೊಂಡು ಸಾಯ್ತವೆ. ಆ ಹಾಳೆ ಹೊರ್ಗೆ ತೆಗ್ಯಾಕಾಗಲ್ವಾ?”

ರಹಮತುನ್ನೀಸಾ ತಲೆಯೆತ್ತಿದಳು. ಕಂಪ್ಯೂಟರ್ ಕ್ಲಾಸಿನಲ್ಲಿ ಮೇಷ್ಟ್ರು ಕೆಟ್ಟ ಫ್ಲಾಪಿಯೊಂದನ್ನು ಕತ್ತರಿಸಿ ತೋರಿಸಿದ್ದು ಮಿಂಚಿನಂತೆ ನೆನಪಾಯಿತು. ಕಂದು ಬಣ್ಣದ ಹಾಳೆ, ತಂತಿಯಿಲ್ಲ, ಯಂತ್ರವಿಲ್ಲ. “ಲಾಲ್, ಬ್ಲೇಡು ತಗೊಂಬಾ. ಜೊತೆಗೊಂದು ಹಳೇ ಫ್ಲಾಪಿ. ಯುಪಿಎಸ್ ಬ್ಯಾಟ್ರಿಗೆ ಹಾಕೋ ಶುದ್ಧ ನೀರು ಎಷ್ಟೈತೋ ಅಷ್ಟೂ ತಾ!”

ಅವಳು ಬ್ಲೇಡು ಹಿಡಿದಳು. ಒಂದು ಗೀರು ಬಿದ್ದರೆ ಮುಗಿಯಿತು. ಹೊದಿಕೆಯ ಅಂಚನ್ನು ಸೀಳಿ, ಒಳಗಿನ ಹಾಳೆ ಕಾಣುತ್ತಿದ್ದಂತೆ ನಿಲ್ಲಿಸಿದಳು. ಮುಂದಕ್ಕೆ ಧೈರ್ಯ ಬರಲಿಲ್ಲ.

“ಇಲ್ಲಿ ಕೊಡು,” ಎಂದಳು ಗಂಗುಲಮ್ಮ.

ಸಾಸಿವೆಗಿಂತ ಸಣ್ಣ ಮೊಟ್ಟೆ ಒಂದೂ ಉದುರದಂತೆ ಇಪ್ಪತ್ತು ವರ್ಷ ಹಾಳೆ ತೊಳೆದ ಕೈ ಅದು. ನಡುವಿನ ತೂತಿನಲ್ಲಿ ಒಂದು ಬೆರಳು, ಅಂಚಿಗೆ ಒಂದು ಬೆರಳು, ಅಷ್ಟರಲ್ಲೇ ಹಾಳೆಯನ್ನು ಎತ್ತಿದಳು. ಅಗಲವಾದ ತಟ್ಟೆಯಲ್ಲಿ ಬ್ಯಾಟರಿ ನೀರು ಹುಯ್ದು ಒಮ್ಮೆ ತೇಲಿಸಿದಳು, ಚೆಲ್ಲಿದಳು, ಹೊಸ ನೀರು ಹುಯ್ದಳು. ಉಜ್ಜಲಿಲ್ಲ, ಹಿಂಡಲಿಲ್ಲ. ಏಳು ಸಲ ಆದ ಮೇಲೆ ಮೂಗಿನ ಹತ್ತಿರ ಹಿಡಿದು ಮೂಸಿ, ಇನ್ನೊಂದು ಸಲ ತೊಳೆದಳು. ಲಾಲ್ ಬಾಷಾ ಫ್ಯಾನ್ ಹಾಕಲು ಹೋದರೆ ಗದರಿದಳು. “ಧೂಳು ಬೀಳ್ತೈತೆ. ತಾನಾಗಿ ಒಣಗ್ಲಿ.”

ಅದು ಒಣಗುವ ಹೊತ್ತಿಗೆ ಮಧ್ಯಾಹ್ನ ಒಂದೂಮುಕ್ಕಾಲು ಗಂಟೆಯಾಯಿತು. ಅಷ್ಟು ಹೊತ್ತೂ ಮೂವರೂ ಅದರ ಸುತ್ತ ಕುಳಿತಿದ್ದರು. ಯಾರಿಗೂ ಊಟದ ನೆನಪಾಗಲಿಲ್ಲ. ಆಮೇಲೆ ಹಳೆಯ ಫ್ಲಾಪಿಯ ಹೊದಿಕೆಯನ್ನು ಸೀಳಿ, ಅದರ ಹಾಳೆ ಬಿಸಾಕಿ, ಇದನ್ನು ತೂರಿಸಿ ಟೇಪು ಹಚ್ಚಿದರು. ಲಾಲ್ ಬಾಷಾ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದ. ರಹಮತುನ್ನೀಸಾ ಡಾಸ್ ಫ್ಲಾಪಿಯಿಂದ ಮಷೀನನ್ನು ಎಬ್ಬಿಸಿ, ಆಮೇಲೆ ಈ ಫ್ಲಾಪಿ ತೂರಿಸಿ, ಅದರಲ್ಲಿ ಏನೇನಿದೆ ತೋರಿಸು ಎಂಬ ಕಮಾಂಡು ಕೊಟ್ಟಳು.

ಡ್ರೈವು ಗರಗರ ಎಂದಿತು. ನಿಂತಿತು. ಮತ್ತೆ ಗರಗರ ಎಂದಿತು. ಪರದೆಯ ಮೇಲೆ ಹದಿನಾಲ್ಕು ಹೆಸರುಗಳು ಒಂದರ ಕೆಳಗೊಂದು ಮೂಡಿದವು.

“ಯಾ ಅಲ್ಲಾ,” ಎಂದಳು. ಕಣ್ಣಲ್ಲಿ ನೀರು ತುಂಬಿ ಹೆಸರುಗಳು ಕಲೆಸಿಹೋದವು.

ಹೆಸರು ಕಂಡರೆ ಸಾಲದು, ಒಳಗಿನ ಅಕ್ಷರವೂ ಬರಬೇಕು. ಒಂದೊಂದೇ ಫೈಲು ತೆಗೆದು, ಬಂದದ್ದನ್ನು ಆಗಿಂದಾಗಲೇ ಪ್ರಿಂಟು ಹಾಕಿದಳು. ಒಂದು, ಎರಡು, ಮೂರು ಬಂದವು. ನಾಲ್ಕನೆಯದಕ್ಕೆ ಡ್ರೈವು ತಡವರಿಸಿತು. ಬಿಟ್ಟುಬಿಡಲೇ, ಮತ್ತೆ ನೋಡಲೇ ಎಂದು ಮಷೀನು ಕೇಳಿತು. ಮತ್ತೆ ಎಂದಳು. ಮತ್ತೆ ಕೇಳಿತು. ಮತ್ತೆ ಎಂದಳು. ಹನ್ನೊಂದನೆಯ ಸಲಕ್ಕೆ ಬಂತು. ಹೀಗೆ ಎಳೆದಾಡಿ, ಬೇಡಿಕೊಂಡು, ಎರಡೂವರೆಗೆ ಹದಿಮೂರು ಫೈಲುಗಳು ಕಾಗದದ ಮೇಲೆ ಬಂದವು. ಒಂಬತ್ತನೆಯದು ಮಾತ್ರ ಬರಲಿಲ್ಲ. ಅರವತ್ತು ಸಲ ಕೇಳಿದರೂ ಬರಲಿಲ್ಲ.

ನೂರ ಮೂವತ್ತು ಲಾಟು ಸಿಕ್ಕಿತ್ತು. ವೆಂಕಟರಾಮಪ್ಪನವರು ಪ್ರಿಂಟಿನ ಹಾಳೆಗಳನ್ನು ಕಸಿದುಕೊಂಡಂತೆ ತೆಗೆದುಕೊಂಡು ಬೆರಳಿಟ್ಟು ಓದಿದರು. ರೋಗ ಎಂದು ಗುರುತಾದ ಲಾಟು ಎರಡು.

“ಎರಡೇ! ಅಷ್ಟೇ ತಾನೆ? ಉಳಿದಿದ್ದು ಹತ್ತು ಲಾಟು. ಅದರಲ್ಲೇನೂ ಇರಲ್ಲ ಬಿಡು. ಹೂಂ ಅಂತ ಹಾಕ್ಬಿಡು, ಕೊಟ್ಟುಬಿಡಣ. ಜನ ಕಾಯ್ತಾ ಅವ್ರೆ.”

ಅವರ ಮಾತಿನಲ್ಲಿ ಅವಳಿಗೆ ತನ್ನ ಪುಟ್ಟ ‘ಹೌದು’ ಫೈಲಿನ ದನಿಯೇ ಕೇಳಿಸಿತು. ಅವಳು ಉತ್ತರಿಸುವ ಮೊದಲೇ ಗಂಗುಲಮ್ಮ ಹೊರಗಿನ ಸುಡುವ ಗುಂಡಿಯ ಕಡೆ ಕೈ ತೋರಿಸಿದಳು. ಸೂಕ್ಷ್ಮದರ್ಶಕದ ಹೆಂಗಸರು ರೋಗ ಎಂದು ಕೂಗಿದಾಗಲೆಲ್ಲ ಗುಂಡಿಯ ಪಕ್ಕದ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೆರೆ ಎಳೆಯುವುದು ಅವಳ ರೂಢಿ. ಎಷ್ಟು ಲಾಟಿಗೆ ಸೌದೆ ಬೇಕೆಂದು ತಿಳಿಯಲು.

ಗೋಡೆಯ ಮೇಲೆ ಈ ಬೆಳೆಯ ಮೂರು ಗೆರೆಗಳಿದ್ದವು.

ಎರಡು ಸಿಕ್ಕಿದೆ, ಮೂರನೆಯದು ಬಾರದೆ ಹೋದ ಆ ಹತ್ತರಲ್ಲೇ ಇದೆ. ಯಾವುದು ಎಂದು ಹೇಳುವ ಅಕ್ಷರ ಫಾರ್ಮಲಿನ್ನಿನಲ್ಲಿ ಕರಗಿಹೋಗಿದೆ.

“ಹತ್ತೂ ಸುಡ್ಬೇಕು ಸಾರ್,” ಎಂದಳು ರಹಮತುನ್ನೀಸಾ. “ಒಂಬತ್ತು ಒಳ್ಳೇವೇ. ಆದ್ರೆ ಯಾವ ಒಂಬತ್ತು ಅಂತ ನಂಗೊತ್ತಿಲ್ಲ. ನಾನು ಹೂಂ ಅನ್ನಲ್ಲ.”

ವೆಂಕಟರಾಮಪ್ಪನವರು ಗೋಡೆಯನ್ನು ನೋಡಿದರು, ಅವಳನ್ನು ನೋಡಿದರು, ಕೊನೆಗೆ ತಲೆಯಾಡಿಸಿ ಲಾಲ್ ಬಾಷಾನನ್ನು ತಣ್ಣನೆ ಕೋಣೆಗೆ ಕಳಿಸಿದರು. ರೋಗದ ಎರಡು ಲಾಟಿನ ಜೊತೆ ಎಂಬತ್ತೊಂದರಿಂದ ತೊಂಬತ್ತರವರೆಗಿನ ಹಾಳೆಗಳೂ ಬಂದವು. ಪ್ರತಿ ಹಾಳೆಯ ಮೂಲೆಯಲ್ಲಿ ತೆಗೆದುಕೊಳ್ಳುವವರ ಹೆಸರಿನ ಚೀಟಿ. ಲಾಲ್ ಬಾಷಾ ಓದಿ ಓದಿ ಗುಂಡಿಯ ಬದಿಗೆ ಇಡುತ್ತಿದ್ದವನು ಎಂಬತ್ತೇಳಕ್ಕೆ ತಡೆದು ನಿಂತ.

“ಓದೋ,” ಎಂದಳು ಗಂಗುಲಮ್ಮ. “ನಂಗೊತ್ತು, ಅದು ನಮ್ಮನೇದು.”

ಪ್ರತಿ ಬೆಳೆಗೂ ಅವಳ ಮನೆಗೆ ಒಂದು ಲಾಟು. ಗಂಡ ಬಯ್ಯಪ್ಪ ನಾಲ್ಕು ದಿನದಿಂದ ಮನೆಯ ತಟ್ಟೆಗಳನ್ನೆಲ್ಲ ತೊಳೆದು ಒಣಗಿಸಿ ಇಟ್ಟು, ಈಗ ಅದೇ ಶೆಡ್ಡಿನಲ್ಲಿ ಒದ್ದೆ ಬಟ್ಟೆಯ ಚೀಲ ಹಿಡಿದು ಕುಳಿತಿದ್ದ. ರಹಮತುನ್ನೀಸಾಳಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಗಂಗುಲಮ್ಮ ಲಾಲ್ ಬಾಷಾನ ಕೈಯಿಂದ ಆ ಹಾಳೆ ತೆಗೆದುಕೊಂಡು, ಬೆಳಕಿಗೆ ಹಿಡಿದು ಒಂದು ಸಲ ನೋಡಿದಳು. ಮೊಟ್ಟೆಗಳು ಆಗಲೇ ನೀಲಿಗೆ ತಿರುಗಿದ್ದವು, ಹುಳು ಹೊರಬರುವ ಗುರುತು. ಒಳ್ಳೆ ಮೊಟ್ಟೆ, ಬಹುಶಃ. ಬಾಗಿ ಅದನ್ನು ಉರಿಯೊಳಕ್ಕೆ ಇಟ್ಟಳು, ಎಸೆಯಲಿಲ್ಲ. ಮಿಕ್ಕವನ್ನೂ ಅವಳೇ ಇಟ್ಟಳು.

ಮೂರು ಗಂಟೆಗೆ ಶೆಡ್ಡಿನಲ್ಲಿ ಹೆಸರು ಕೂಗಲು ಶುರುವಾಯಿತು.

ನಾಲ್ಕೂವರೆಗೆ ಗದ್ದಲವೆಲ್ಲ ಅಡಗಿದ ಮೇಲೆ ರಹಮತುನ್ನೀಸಾ ಮತ್ತೆ ಕಂಪ್ಯೂಟರಿನ ಮುಂದೆ ಕುಳಿತಳು. ಬರಿದಾದ ಡಿಸ್ಕಿಗೆ ಹೊಸ ಡಾಸ್ ಕೂರಿಸುವ ಕೆಲಸ ಬಾಕಿ ಇತ್ತು. ಮೊದಲು ಡಾಸ್ ಫ್ಲಾಪಿಯಲ್ಲಿದ್ದ ‘ಹೌದು’ ಫೈಲನ್ನು ಅಳಿಸಿದಳು. ಆಮೇಲೆ ‘ಹೊಸ’ ಎಂದು ಟೈಪ್ ಮಾಡಿದಳು. ಗಂಗುಲಮ್ಮ ಬಕೆಟ್ಟು ಹಿಡಿದು ಒಳಗೆ ಬಂದು, ಮೇಜು ಒರೆಸುವ ಮೊದಲು ಅದರ ಮೇಲಿದ್ದ ಫ್ಲಾಪಿಗಳನ್ನು ತೋರಿಸಿ ಕೇಳಿದಳು.

“ಇವು ಒರೆಸ್ಬೋದಾ, ಬ್ಯಾಡ್ವಾ?”

“ಬ್ಯಾಡ ಗಂಗುಲಮ್ಮ. ಇವಕ್ಕೆ ನೀರು ತಾಗಬಾರ್ದು.”

“ಬೆಳಿಗ್ಗೇನೇ ಹೇಳಿದ್ರೆ ನಾನು ಮುಟ್ತಿದ್ನಾ?” ಎಂದು ಗಂಗುಲಮ್ಮ ಪರದೆಯ ಕಡೆ ನೋಡಿದಳು. ಅಕ್ಷರಗಳು ಅಲುಗದೆ ನಿಂತಿದ್ದವು. “ಏನೋ ಕೇಳ್ತಾ ಐತಲ್ಲ ಅದು?”

“ಎಲ್ಲಾ ನಾಶ ಆಗ್ತದೆ, ಮುಂದುವರಿಸ್ಲಾ ಅಂತ ಕೇಳ್ತಾ ಐತೆ.”

“ಅಯ್ಯೋ, ಬೆಳಿಗ್ಗೆ ಹಿಂಗೊಂದ್ ಮಾತು ಕೇಳಿದ್ರೆ ಆಗ್ತಿತ್ತಲ್ಲಮ್ಮಾ, ಈ ಹಾಳಾದ್ದು.”

ರಹಮತುನ್ನೀಸಾ ಕಿಟಕಿಯತ್ತ ತಿರುಗಿದಳು. ಹೊರಗೆ ಬಯ್ಯಪ್ಪ ಖಾಲಿ ಚೀಲ ಮಡಿಸಿಕೊಂಡು ಗೇಟಿನ ಹತ್ತಿರ ಹೆಂಡತಿಗಾಗಿ ಕಾಯುತ್ತಿದ್ದುದು ಕಿಟಕಿಯಲ್ಲಿ ಕಾಣುತ್ತಿತ್ತು.

“ಕೇಳ್ತು ಗಂಗುಲಮ್ಮ,” ಎಂದಳು. “ನಾನೇ ಅದು ಕೇಳೋಕೆ ಮುಂಚೆ ಹೂಂ ಅಂದ್ಬಿಟ್ಟಿದ್ದೆ.”